ಗೋಡೌನಿನೊಳಗೆ ನಾವು ನಡೆಯುವ ದಾರಿ ಯಾವುದು?

(ಹಾರನಹಳ್ಳಿಯಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹರೂಪ)



ಉಳಿತಾಯದ ಲೆಕ್ಕ ಓದಿದ್ದಾಯಿತು, ಸಾಲ ಮರುಪಾವತಿಯ ಲೆಕ್ಕವೂ ಆಯಿತು. ಊಟಕ್ಕೆ ಇನ್ನೂ ಒಂದು ಗಂಟೆ ಇದೆ. ಈ ಒಂದು ಗಂಟೆಯನ್ನು ನಾನೇ ಕೇಳಿ ತೆಗೆದುಕೊಂಡೆ. ವಿಷಯ ಏನೆಂದು ಅಧ್ಯಕ್ಷೆಯವರು ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದು ಕೇಳಿಸಿತು. "ಫೋರ್ಕ್‌ಲಿಫ್ಟ್ ಗಾಡಿಗೂ ನಮ್ಮ ಸಂಘಕ್ಕೂ ಏನು ಸಂಬಂಧ?" ಅಂತ. ಎಲ್ಲಿ, ಒಮ್ಮೆ ಕೈ ಎತ್ತಿ ನೋಡೋಣ. ನಿಮ್ಮ ಪೈಕಿ ಅಥವಾ ನಿಮ್ಮ ಮನೆಯ ಪೈಕಿ ಗೋಡೌನು, ಪ್ಯಾಕಿಂಗ್, ರೈಸ್ ಮಿಲ್ಲು, ಹೊಗೆಸೊಪ್ಪಿನ ಗ್ರೇಡಿಂಗ್ ಕೆಲಸಕ್ಕೆ ಹೋಗುವವರು ಎಷ್ಟು ಜನ? ನೋಡಿ, ಅರ್ಧಕ್ಕಿಂತ ಹೆಚ್ಚು ಕೈ ಮೇಲಿವೆ. ನಕ್ಕವರ ಕೈಯೂ ಮೇಲಿದೆ!

ನಮ್ಮ ಈ ಭಾಗದಲ್ಲಿ ಹೆಣ್ಣುಮಕ್ಕಳ ಕೂಲಿ ಅಂದರೆ ಮೊದಲು ಹೊಗೆಸೊಪ್ಪಿನ ಕೆಲಸವೇ ಆಗಿತ್ತು. ಎಲೆ ಮುರಿಯೋದು, ಕಡ್ಡಿಗೆ ಕಟ್ಟೋದು, ಬೆಂದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡೋದು. ಆ ಕೆಲಸ ಈಗಲೂ ಇದೆ. ಆದರೆ ಬೆಳಗಿನ ಜಾವ ಕ್ರಾಸಿನಲ್ಲಿ ನಿಂತು ನೋಡಿದರೆ ಮೈಸೂರಿನ ಕಡೆಗೆ ಹೋಗುವ ವ್ಯಾನುಗಳಲ್ಲಿ ನಮ್ಮ ಮಕ್ಕಳೇ ತುಂಬಿರುತ್ತಾರೆ. ಇಲವಾಲ ದಾಟಿದರೆ ಕೂರ್ಗಳ್ಳಿ, ಹೂಟಗಳ್ಳಿ, ಹೆಬ್ಬಾಳ. ಆ ಕಡೆ ನಂಜನಗೂಡು. ಅಲ್ಲಿ ಹೊಲದಂತೆ ಬದು ಇಲ್ಲ, ದಾರಿಯೂ ಕಾಣುವುದಿಲ್ಲ. ಒಂದೇ ಸೂರಿನ ಕೆಳಗೆ ನಾವೂ ಓಡಾಡುತ್ತೇವೆ, ನಾಲ್ಕು ಟನ್ ತೂಕದ ಗಾಡಿಯೂ ಓಡಾಡುತ್ತದೆ.

ಒಂದು ದಂಡದ ಕಥೆ

ಇದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆ ಇದೆ. ಆದರೂ ಹೇಳುತ್ತೇನೆ. ನಮ್ಮ ಒಕ್ಕೂಟದ ಒಂದು ಸಂಘದಲ್ಲಿ ಒಬ್ಬ ಸದಸ್ಯೆ ಮೂರು ವಾರ ಸಭೆಗೆ ಬರಲಿಲ್ಲ. ಕಂತೂ ಬರಲಿಲ್ಲ. ನಿಯಮ ನಿಮಗೆಲ್ಲ ಗೊತ್ತು, ಹೇಳದೆ ಗೈರಾದರೆ ದಂಡ. ಆ ದಿನ ಸಭೆಯಲ್ಲಿ ನಾನಿದ್ದೆ. "ನಿಯಮ ಅಂದ ಮೇಲೆ ಎಲ್ಲರಿಗೂ ಒಂದೇ, ಬರೀರಿ" ಅಂತ ಹೇಳಿ ನಡಾವಳಿ ಪುಸ್ತಕದಲ್ಲಿ ದಂಡ ಬರೆಸಿದೆ. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ.

ನಾಲ್ಕನೇ ವಾರ ಆಕೆ ಬಂದಳು. ಕಾಲಿಗೆ ಪಟ್ಟಿ. ಕೈಯಲ್ಲಿ ಕಂತಿನ ಹಣ, ದಂಡದ ಹಣ ಎರಡೂ ಇತ್ತು. ಏನಾಯಿತು ಎಂದರೆ "ಮನೇಲಿ ಎಡವಿ ಬಿದ್ದೆ" ಅಂದಳು. ಸಭೆ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ನಿಜ ಹೊರಗೆ ಬಂತು. ಕೆಲಸಕ್ಕೆ ಹೋಗುತ್ತಿದ್ದ ಗೋಡೌನಿನಲ್ಲಿ ಫೋರ್ಕ್‌ಲಿಫ್ಟಿನ ಹಿಂದಿನ ಚಕ್ರ ಆಕೆಯ ಪಾದದ ಮೇಲೆ ಹತ್ತಿತ್ತು. ಎರಡು ಬೆರಳು ಹೋದವು. ಮನೆಯಲ್ಲಿ ಬಿದ್ದೆ ಅಂತ ಹೇಳು, ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತೇವೆ ಅಂತ ಕಂಟ್ರಾಕ್ಟರ್ ಹೇಳಿದ್ದನಂತೆ. ಆಕೆ ಹಾಗೇ ಹೇಳಿದಳು. ಎರಡನೇ ಸಾರಿ ಡ್ರೆಸ್ಸಿಂಗ್‌ಗೆ ಹೋದಾಗ ಫೋನ್ ಎತ್ತುವವರೇ ಇಲ್ಲ.

ಆಗಲೂ ನನ್ನ ಬಾಯಿಂದ ಮೊದಲು ಬಂದ ಮಾತು ಏನು ಗೊತ್ತಾ? "ನೋಡ್ಕೊಂಡು ನಡೀಬಾರ್ದಾ ಮಗಳೇ?"

ಆಕೆ ಹೇಳಿದ್ದು ಇಷ್ಟೇ: "ನೋಡ್ಕಂಡೇ ನಡೀತಿದ್ದೆ ಸಿಸ್ಟರ್. ನಾವು ಕುಂತು ಕೆಲ್ಸ ಮಾಡೋದು ಈ ಗೋಡೆ ತಾವ. ನೀರಿನ ಕ್ಯಾನು ಇರೋದು ಆ ಗೋಡೆ ತಾವ. ಮಧ್ಯದಾಗೆ ಗಾಡಿ ಓಡಾಡ್ತದೆ. ನಾನ್ಯಾವ ದಾರೀಲಿ ಹೋಗ್ಲಿ, ನೀವೇ ಹೇಳಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದ್ದೇನೆ, ಇಪ್ಪತ್ತೈದು ವರ್ಷದಿಂದ ಹಳ್ಳಿಗಳಲ್ಲಿ ಅರಿವು ಕಾರ್ಯಕ್ರಮ ಮಾಡುತ್ತಿದ್ದೇನೆ, ಆದರೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ವಾರ ಸಂಘದವರು ದಂಡದ ಹಣ ವಾಪಸ್ ಕೊಟ್ಟರು. ನಾನು ಆ ಗಾಡಿಯ ವಿಷಯ ತಿಳಿದುಕೊಳ್ಳಲು ಹೊರಟೆ.

ಸೀಟಿನ ಮೇಲೆ ಕೂತು ನೋಡಿದ್ದು

ಪರಿಚಯದವರ ಮೂಲಕ ಬೇರೊಂದು ಗೋಡೌನಿನ ಡ್ರೈವರ್ ಒಬ್ಬರನ್ನು ಕೇಳಿದೆ. ಒಳ್ಳೆಯ ಹುಡುಗ. ಊಟದ ಹೊತ್ತಿನಲ್ಲಿ ಗಾಡಿ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, "ಬನ್ನಿ ಸಿಸ್ಟರ್, ನೀವೇ ಕೂತು ನೋಡಿ" ಅಂದರು. ಈ ವಯಸ್ಸಿನಲ್ಲಿ ಆ ಮೆಟ್ಟಿಲು ಹತ್ತಿ ಕೂತೆ. ಮುಂದೆ ಪ್ಯಾಲೆಟ್ಟಿನ ಮೇಲೆ ರಟ್ಟಿನ ಡಬ್ಬಗಳನ್ನು ನನ್ನ ತಲೆಗಿಂತ ಎತ್ತರಕ್ಕೆ ಜೋಡಿಸಿತ್ತು. ಅದರ ಆ ಕಡೆ ನಿಂತುಕೊಳ್ಳಲು ನನ್ನ ಜೊತೆ ಬಂದಿದ್ದ ಕಾರ್ಯಕರ್ತೆಗೆ ಹೇಳಿದೆ. ನಿಜ ಹೇಳ್ತೀನಿ, ಆಕೆಯ ಸೆರಗೂ ಕಾಣಲಿಲ್ಲ. "ಕೂತುಕೋ" ಅಂದೆ. ಆಕೆ ಅಲ್ಲಿಂದ ಹೊರಟೇ ಹೋಗಿದ್ದರೂ ನನಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಗ್ರೇಡಿಂಗ್ ಮಾಡುವ ನಮ್ಮ ಹೆಂಗಸರು ನೆಲದ ಮೇಲೆ ಕೂತು ಕೆಲಸ ಮಾಡುತ್ತಾರೆ, ಅಲ್ವಾ? ನಿಂತವರೇ ಕಾಣದ ಮೇಲೆ ಕೂತವರು ಹೇಗೆ ಕಾಣಬೇಕು? ಗಾಡಿ ನಮಗೆ ಕಾಣುತ್ತಿದೆ, ಆದ್ದರಿಂದ ಗಾಡಿಯವನಿಗೂ ನಾವು ಕಾಣುತ್ತೇವೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹೆಚ್ಚಿನ ಅನಾಹುತ ಶುರುವಾಗುವುದು ಅಲ್ಲೇ.

ಮುಂದೆ ಕಾಣದಷ್ಟು ಸರಕು ಇದ್ದರೆ ಡ್ರೈವರ್ ಹಿಂದಕ್ಕೆ ತಿರುಗಿ ನೋಡುತ್ತಾ ಗಾಡಿಯನ್ನು ರಿವರ್ಸ್‌ನಲ್ಲೇ ಓಡಿಸಬೇಕು. ಅದು ತಪ್ಪಲ್ಲ, ಸರಿಯಾದ ಕ್ರಮವೇ ಅದು. ಹಾಗಾಗಿ ಲಾರಿ ಕಾರುಗಳ ಹಾಗೆ "ಗಾಡಿಯ ಮುಖ ಆ ಕಡೆ ಇದೆ, ಈ ಕಡೆ ಬರಲ್ಲ" ಅಂತ ನಂಬುವ ಹಾಗಿಲ್ಲ. ಇಳಿಜಾರಿನಲ್ಲಿ ಸರಕು ಹೊತ್ತು ಇಳಿಯುವಾಗಲೂ ಅದು ಹಿಂದು ಹಿಂದಾಗಿಯೇ ಇಳಿಯುತ್ತದೆ, ಇಲ್ಲದಿದ್ದರೆ ಸರಕು ಮುಂದಕ್ಕೆ ಜಾರುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ಕಾರು, ಟ್ರ್ಯಾಕ್ಟರ್ ತಿರುಗುವುದು ಮುಂದಿನ ಚಕ್ರದಿಂದ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ. ಮುಂಭಾಗ ಎಡಕ್ಕೆ ಹೋದರೆ ಅದರ ಹಿಂಭಾಗ ಬೀಸಿಕೊಂಡು ಬಲಕ್ಕೆ ಬರುತ್ತದೆ. ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತಿದ್ದೀರಿ ಅಂದುಕೊಳ್ಳಿ. ಎಮ್ಮೆ ತಲೆಯನ್ನು ಆ ಕಡೆ ತಿರುಗಿಸಿದರೆ ಅದರ ಹಿಂಭಾಗ ಈ ಕಡೆ ಬಂದು ನಿಮ್ಮನ್ನು ಗೋಡೆಗೆ ಒತ್ತುತ್ತದೆ. ಹಾಲು ಕರೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ! ಎಮ್ಮೆಯಾದರೆ ತಟ್ಟಿದರೆ ಸರಿಯುತ್ತದೆ. ಈ ಗಾಡಿ ಹಾಗಲ್ಲ. 3 ಟನ್ ಎತ್ತುವ ಗಾಡಿ ಖಾಲಿ ಇದ್ದಾಗಲೇ 4 ಟನ್ನಿಗಿಂತ ಹೆಚ್ಚು ತೂಗುತ್ತದೆ. ಐದು ಸಣ್ಣ ಕಾರುಗಳನ್ನು ಸೇರಿಸಿದ ತೂಕ. ಯಾಕೆ ಅಷ್ಟು ತೂಕ ಅಂದರೆ ಅದು ತಕ್ಕಡಿಯ ಹಾಗೆ. ಮುಂದಿನ ತಟ್ಟೆಯಲ್ಲಿ ಸರಕು, ಹಿಂದಿನ ತಟ್ಟೆಯಲ್ಲಿ ಎರಕದ ದೊಡ್ಡ ಕಬ್ಬಿಣ. ನಮ್ಮ ಸದಸ್ಯೆಯ ಪಾದದ ಮೇಲೆ ಹತ್ತಿದ್ದು ಅದೇ ಹಿಂಭಾಗದ ಚಕ್ರ. ಗಾಡಿ ಮುಂದೆ ಹೋಯಿತು ಅಂತ ಆಕೆ ಹೆಜ್ಜೆ ಇಟ್ಟಳು, ಗಾಡಿ ತಿರುಗಿತು.

ಕೆಲವು ಕಡೆ ಸರಕು ಹೆಚ್ಚಾಗಿ ಹಿಂಭಾಗ ಮೇಲೆ ಏಳುತ್ತಿದೆ ಅಂತ ಇಬ್ಬರು ಮೂವರನ್ನು ಹಿಂದೆ ಹತ್ತಿಸುತ್ತಾರೆ. ನಿಮ್ಮನ್ನು ಹತ್ತಲು ಹೇಳಿದರೆ ಹತ್ತಬೇಡಿ. ಮೇಲಿನ ರ‍್ಯಾಕಿನಿಂದ ಡಬ್ಬ ತೆಗೆಯಲು ಪ್ಯಾಲೆಟ್ಟಿನ ಮೇಲೆ ನಿಲ್ಲಿಸಿ ಎತ್ತುತ್ತೇವೆ ಅಂದರೂ ಬೇಡ. ಎತ್ತಿದ ಸರಕಿನ ಕೆಳಗೆ ತಲೆ ತೂರಿಸಿ ಹೋಗುವುದಂತೂ ಯಾವತ್ತೂ ಬೇಡ.

ಒಂದು ಸೀರೆಯ ಅಳತೆ

ಎಷ್ಟು ದೂರ ನಿಂತರೆ ಸಾಕು ಅಂತ ಕೇಳುತ್ತೀರಿ. ಮೀಟರು, ಅಡಿ ಅಂದರೆ ನೆನಪಿರುವುದಿಲ್ಲ, ಸೀರೆಯಲ್ಲಿ ಹೇಳ್ತೀನಿ. ಗಾಡಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿದೆ ಅಂತಿಟ್ಟುಕೊಳ್ಳಿ. ಸೈಕಲ್ಲಿಗಿಂತ ನಿಧಾನ. ಆದರೂ ಒಂದು ಸೆಕೆಂಡಿಗೆ ಅದು ಹತ್ತಿರ ಹತ್ತಿರ 2.8 ಮೀಟರ್ ಹೋಗುತ್ತದೆ. ನಮ್ಮ ಸೀರೆ ಐದೂವರೆ ಮೀಟರ್. ಅಂದರೆ ಸೆಕೆಂಡಿಗೆ ಅರ್ಧ ಸೀರೆ. ಡ್ರೈವರ್ ನಿಮ್ಮನ್ನು ನೋಡಿ, "ಅಯ್ಯೋ" ಅಂದುಕೊಂಡು, ಕಾಲು ಬ್ರೇಕಿನ ಮೇಲೆ ಇಡುವಷ್ಟರಲ್ಲಿ ಅರ್ಧ ಸೀರೆ ಮುಗಿದಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ಗಾಡಿ ನಿಲ್ಲಲು ಇನ್ನಷ್ಟು ಬೇಕು. ಜೋರಾಗಿ ಬ್ರೇಕ್ ಒತ್ತಿದರೆ ಸರಕು ಮುಂದಕ್ಕೆ ಬೀಳುತ್ತದೆ, ಹಾಗಾಗಿ ಆತ ಜೋರಾಗಿ ಒತ್ತುವಂತೆಯೂ ಇಲ್ಲ. ನೆಲ ಒದ್ದೆ ಇದ್ದರೆ, ಧೂಳಿದ್ದರೆ ಇನ್ನೂ ದೂರ. ಆದ್ದರಿಂದ ಓಡುವ ಗಾಡಿಗೂ ನಿಮಗೂ ನಡುವೆ ಕಡಿಮೆ ಅಂದರೂ ಒಂದು ಸೀರೆಯ ಉದ್ದ ಇರಲಿ.

ದಾಟಲೇಬೇಕು ಅಂದರೆ? ನಿಲ್ಲಿ. ಡ್ರೈವರನ ಮುಖ ನೋಡಿ. ಆತ ನಿಮ್ಮ ಮುಖ ನೋಡಿ, ಗಾಡಿ ಪೂರ್ತಿ ನಿಲ್ಲಿಸಿ, ಕೈ ಸನ್ನೆ ಮಾಡಿದ ಮೇಲೆ ದಾಟಿ. ಹಾರ್ನ್ ಕೇಳಿಸಿತು, ಪೀಂ ಪೀಂ ಶಬ್ದ ಬರುತ್ತಿದೆ ಅಂತ ಅದರ ಮೇಲೆ ಭರವಸೆ ಇಡಬೇಡಿ. ದಿನವಿಡೀ ಆ ಶಬ್ದ ಕೇಳಿ ಕೇಳಿ ಒಂದು ವಾರದೊಳಗೆ ಕಿವಿ ಅದನ್ನು ಮರೆಯುತ್ತದೆ, ಅತ್ತೆಯ ಬೈಗುಳದ ಹಾಗೆ. (ನಗಬೇಡಿ, ಅತ್ತೆಯಂದಿರೂ ಇಲ್ಲಿದ್ದೀರಿ.) ಬ್ಯಾಟರಿ ಗಾಡಿಗಳು ಬಂದ ಮೇಲೆ ಎಂಜಿನ್ ಶಬ್ದವೂ ಇಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡು ಕೇಳುತ್ತಾ ನಡೆಯುವ ನಮ್ಮ ಹುಡುಗಿಯರಿಗೆ ಇದನ್ನು ಮನೆಯಲ್ಲಿ ಹೇಳಿ. ಸೆರಗು, ವೇಲು ಇಳಿಬಿಡದೆ ಒಳಗೆ ಸಿಕ್ಕಿಸಿಕೊಳ್ಳಲಿ.

ರಂಗೋಲಿಯಲ್ಲಿ ಗೋಡೌನು

ಇಷ್ಟು ಹೊತ್ತು ಹೇಳಿದ್ದು ನಾವು ಹೇಗೆ ನಡೆಯಬೇಕು ಅಂತ. ಆದರೆ ಆ ಹೆಣ್ಣುಮಗಳ ಪ್ರಶ್ನೆಗೆ ಇದು ಉತ್ತರ ಅಲ್ಲ. ಆಕೆಗೆ ನೀರು ಬೇಕಿತ್ತು, ನೀರು ಆ ಕಡೆ ಇತ್ತು.

ಹಿಂದೆ ನಾವು ಊರಿನ ನಕ್ಷೆ ಬರೆದದ್ದು ನೆನಪಿದೆಯಾ? ಗ್ರಾಮ ಸಹಭಾಗಿತ್ವದ ಕಾರ್ಯಕ್ರಮದಲ್ಲಿ ಕೇರಿ, ಬೋರ್‌ವೆಲ್, ಅಂಗನವಾಡಿ ಎಲ್ಲ ರಂಗೋಲಿಯಲ್ಲಿ ಬಿಡಿಸಿದ್ದಿರಿ. ಅದೇ ರೀತಿ ಆ ಗೋಡೌನಿಗೆ ಹೋಗುವ ನಮ್ಮ ಹೆಂಗಸರನ್ನು ಒಂದು ಭಾನುವಾರ ಕೂರಿಸಿಕೊಂಡೆ. ಈಗ ನಿಮ್ಮ ಮುಂದೆ ನೆಲದ ಮೇಲೆ ಕಾಣುತ್ತಿರುವುದು ಅದೇ ಚಿತ್ರ, ಇವತ್ತು ಬೆಳಿಗ್ಗೆ ಮತ್ತೆ ಬಿಡಿಸಿದ್ದೇವೆ. ಎದ್ದು ಬಂದು ನೋಡಿ, ತುಳಿಯಬೇಡಿ. ಕೆಂಪು ಪುಡಿಯ ಗೆರೆ ಗಾಡಿ ಓಡಾಡುವ ದಾರಿ. ಬಿಳಿ ಗೆರೆ ನಮ್ಮವರು ನಡೆಯುವ ದಾರಿ. ಬಿಳಿ ಕೆಂಪನ್ನು ದಾಟುವ ಕಡೆಯಲ್ಲೆಲ್ಲ ಒಂದೊಂದು ಅವರೆಕಾಳು ಇಟ್ಟಿದ್ದೇವೆ.

ಈಗ ಲೆಕ್ಕ. ನೀವು ಲೆಕ್ಕದಲ್ಲಿ ಗಟ್ಟಿಗರು. ಒಬ್ಬಾಕೆ ದಿನಕ್ಕೆ ನಾಲ್ಕು ಸಾರಿ ನೀರಿಗೆ ಹೋಗುತ್ತಾಳೆ. ಹೋಗಿ ಬಂದರೆ ಎಂಟು ಸಾರಿ ಕೆಂಪು ಗೆರೆ ದಾಟಬೇಕು. ಶೌಚಾಲಯಕ್ಕೆ ಮೂರು ಸಾರಿ, ಹೋಗಿ ಬಂದು ಆರು. ಊಟಕ್ಕೆ ಎರಡು. ಬೆಳಿಗ್ಗೆ ಒಳಗೆ, ಸಂಜೆ ಹೊರಗೆ, ಎರಡು. ಒಟ್ಟು ಹದಿನೆಂಟು. ಅಲ್ಲಿ ನಮ್ಮ ಕಡೆಯ ಹೆಂಗಸರು 22 ಜನ. 18ನ್ನು 22ರಿಂದ ಗುಣಿಸಿ. 396. ಒಂದೇ ದಿನದಲ್ಲಿ ನಾನೂರಕ್ಕೆ ನಾಲ್ಕು ಕಡಿಮೆ ಸಾರಿ ನಾವು ಆ ಗಾಡಿಯ ದಾರಿಗೆ ಅಡ್ಡ ಹೋಗುತ್ತಿದ್ದೇವೆ. "ನೋಡಿಕೊಂಡು ನಡೆಯಿರಿ" ಅಂತ ಬೋರ್ಡ್ ಬರೆದು ಹಾಕಿದರೆ 396 ಸಾರಿಯೂ ಎಚ್ಚರವಾಗಿರಲು ಯಾರಿಂದ ಸಾಧ್ಯ? ಮಗುವಿಗೆ ಜ್ವರ ಇರುತ್ತದೆ, ವ್ಯಾನಿಗೆ ಹೊತ್ತಾಗಿರುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ.

ನೀರಿನ ಕ್ಯಾನನ್ನು ಈ ಗೋಡೆಯ ಪಕ್ಕಕ್ಕೆ ತಂದಿಟ್ಟರೆ? ಎಂಟು ಸಾರಿ ದಾಟುವುದು ತಪ್ಪಿತು. 22 ಜನಕ್ಕೆ 176. ಹೆಲ್ಮೆಟ್ ಬೇಡ, ಕಾನೂನು ಬೇಡ, ಒಂದು ಕ್ಯಾನು ಜರುಗಿಸಿದರೆ ಸಾಕು. ಶೌಚಾಲಯ ಜರುಗಿಸಲು ಆಗದು, ಒಪ್ಪುತ್ತೇನೆ. ಆದರೆ ಗೋಡೆಯ ಪಕ್ಕದಲ್ಲೇ ಬಳಸಿಕೊಂಡು ಹೋಗುವ ಒಂದು ದಾರಿ ಬಿಡಬಹುದು. ನೆಲಕ್ಕೆ ಹಳದಿ ಬಣ್ಣ ಬಳಿದರೆ ಮಾತ್ರ ಸಾಲದು. ಎರಡು ದಿನಕ್ಕೆ ಆ ಹಳದಿ ಗೆರೆಯ ಮೇಲೇ ಡಬ್ಬ ಪೇರಿಸಿರುತ್ತಾರೆ, ನೀವು ನೋಡಿರುತ್ತೀರಿ. ಕಬ್ಬಿಣದ ಕಂಬಿ ಹಾಕಬೇಕು. ದಾಟುವ ಜಾಗ ಒಂದೋ ಎರಡೋ ಇರಬೇಕು, ಅಲ್ಲಿ ತಳ್ಳಿದರೆ ತೆರೆಯುವ ಗೇಟಿರಬೇಕು. ಗೇಟು ತೆರೆಯಲು ನಿಲ್ಲುತ್ತೇವಲ್ಲ, ಆ ಒಂದು ಗಳಿಗೆ ನಿಂತು ನೋಡುತ್ತೇವೆ. ಮೂಲೆಗಳಲ್ಲಿ ಉಬ್ಬುಗನ್ನಡಿ ಇರಬೇಕು. ಊಟದ ಬೆಲ್ಲು ಹೊಡೆದ ಮೇಲೆ ಹತ್ತು ನಿಮಿಷ, ಸಂಜೆ ಬಿಡುವಾಗ ಹತ್ತು ನಿಮಿಷ ಗಾಡಿ ನಿಲ್ಲಿಸಿಬಿಡಬೇಕು. ಎಲ್ಲರೂ ಒಟ್ಟಿಗೆ ಎದ್ದು ಹೋಗುವ ಹೊತ್ತು ಅದು. ದುಡ್ಡು ಖರ್ಚಾಗದ ಕೆಲಸ.

ಹೊಳೆಯುವ ಹಸಿರು ಜಾಕೆಟ್ ಕೊಟ್ಟರೆ ಹಾಕಿಕೊಳ್ಳಿ. ಶೂ ಕೊಟ್ಟರೆ ಖಂಡಿತ ಹಾಕಿಕೊಳ್ಳಿ, ಚಪ್ಪಲಿಯಲ್ಲಿ ಹೋಗಬೇಡಿ. ಆದರೆ ಜಾಕೆಟ್ ಕೊಟ್ಟೆವು, ನಮ್ಮ ಜವಾಬ್ದಾರಿ ಮುಗಿಯಿತು ಅನ್ನುವವರನ್ನು ಒಪ್ಪಬೇಡಿ. ಡಬ್ಬಗಳ ಆ ಕಡೆ ಇರುವ ಜಾಕೆಟ್ ಯಾರಿಗೂ ಕಾಣುವುದಿಲ್ಲ, ನಾನೇ ಕೂತು ನೋಡಿದ್ದೇನೆ.

ಡ್ರೈವರನನ್ನು ಬೈದು ಪ್ರಯೋಜನ ಇಲ್ಲ. ಎಷ್ಟೋ ಕಡೆ ಆತನಿಗೂ ಕಂಟ್ರಾಕ್ಟು, ಇಷ್ಟು ಲಾರಿ ಖಾಲಿ ಮಾಡಬೇಕು ಅಂತ ಲೆಕ್ಕ. ತರಬೇತಿ ಆಗಿದೆಯಾ ಅಂತ ಮಾತ್ರ ಕೇಳಬೇಕು. ಅಮೆರಿಕಾದಲ್ಲಿ 18 ವರ್ಷ ತುಂಬದವರು ಈ ಗಾಡಿ ಮುಟ್ಟುವಂತಿಲ್ಲ. 1999ರಿಂದ ಅಲ್ಲಿ ತರಬೇತಿ ಕಡ್ಡಾಯವಾಗಿ ಬಿಗಿಯಾಯಿತು, ಮೂರು ವರ್ಷಕ್ಕೊಮ್ಮೆಯಾದರೂ ಡ್ರೈವರನನ್ನು ಮತ್ತೆ ಪರೀಕ್ಷಿಸಬೇಕು. ನಮ್ಮ ಕಡೆ ಡ್ರೈವರ್ ಊಟಕ್ಕೆ ಹೋದಾಗ ಕೀಲಿ ಗಾಡಿಯಲ್ಲೇ ಇರುತ್ತದೆ, ಲೋಡಿಂಗ್ ಹುಡುಗ ಹತ್ತಿ ಓಡಿಸಿ ನೋಡುತ್ತಾನೆ. ನಿಮ್ಮ ಮಗ ಹಾಗೆ "ಕಲಿಯುತ್ತಿದ್ದೇನೆ" ಅಂದರೆ ಖುಷಿಪಡಬೇಡಿ.

ಗಾಡಿ ಇಲ್ಲದ ಕಡೆ

"ನಮ್ಮ ಮಿಲ್ಲಿನಲ್ಲಿ ಫೋರ್ಕ್‌ಲಿಫ್ಟ್ ಇಲ್ಲವಲ್ಲ" ಅಂತ ಕೆ.ಆರ್. ನಗರದವರು ಹೇಳಬಹುದು. ಭತ್ತದ ಲಾರಿ ರಿವರ್ಸ್ ಬರುವುದಿಲ್ಲವೇ? ಅಂಗಳದಲ್ಲಿ ಭತ್ತ ಎಳೆಯುತ್ತಾ ಬೆನ್ನು ಮಾಡಿ ನಿಂತವರು ಯಾರು? ನಾವೇ. ಹೊಗೆಸೊಪ್ಪಿನ ಕಾಲದಲ್ಲಿ ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಎಚ್.ಡಿ. ಕೋಟೆಯ ತಂಬಾಕು ಮಂಡಳಿ ಹರಾಜು ಮಾರುಕಟ್ಟೆಗಳ ಮುಂದೆ ನಿಂತು ನೋಡಿ. ಬೇಲು ಹೊತ್ತ ಟ್ರ್ಯಾಕ್ಟರು, ಗೂಡ್ಸ್ ಆಟೋ, ತಳ್ಳುಗಾಡಿ, ನಡುವೆ ಜನ. ಬೇಲು ಪೇರಿಸಿದ ತಳ್ಳುಗಾಡಿ ತಳ್ಳುವವನಿಗೂ ಮುಂದೆ ಏನೂ ಕಾಣುವುದಿಲ್ಲ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ನುಸುಳಿ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ. ಲಾರಿಗೆ ಲೋಡ್ ಮಾಡುವಾಗ ಚಕ್ರಕ್ಕೆ ಅಡ್ಡ ಕಲ್ಲೋ ಮರದ ತುಂಡೋ ಇಟ್ಟಿದ್ದಾರಾ ಅಂತ ನೋಡಿ. ಒಳಗೆ ಜನ ಇರುವಾಗಲೇ ಲಾರಿ ಹೊರಟರೆ ನಡುವೆ ಸಿಕ್ಕವರ ಗತಿ ಏನು?

ಸರಕು ಪೇರಿಸಿದ್ದರಿಂದಲೂ ಅಪಾಯ. 2023ರ ಡಿಸೆಂಬರ್ 4ರಂದು ವಿಜಯಪುರದ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು, ಅದರಡಿ ಸಿಕ್ಕಿ ಬಿಹಾರದಿಂದ ಬಂದಿದ್ದ 7 ಜನ ಕಾರ್ಮಿಕರು ತೀರಿಕೊಂಡರು. ಅಲ್ಲಿ ಗಾಡಿ ಗುದ್ದಿದ್ದಲ್ಲ. ಆದರೆ ಫೋರ್ಕ್‌ಲಿಫ್ಟ್ ಒಂದು ರ‍್ಯಾಕಿನ ಕಾಲಿಗೆ ತಾಗಿ ಅದು ಸೊಟ್ಟಗಾದರೆ ಮೇಲಿರುವುದೆಲ್ಲ ಯಾವಾಗ ಬೇಕಾದರೂ ಬರಬಹುದು. ಸೊಟ್ಟಗಾದ ರ‍್ಯಾಕ್ ಕಂಡರೆ ಅದರ ಪಕ್ಕ ಕೂತು ಬುತ್ತಿ ಬಿಚ್ಚಬೇಡಿ, ಸೂಪರ್‌ವೈಸರನಿಗೆ ಹೇಳಿ.

ಪೆಟ್ಟಾದರೆ, ಮತ್ತು ಪೆಟ್ಟಾಗುವ ಮೊದಲು

ಯಾರಿಗಾದರೂ ಪೆಟ್ಟಾದರೆ ಮೊದಲು ಗಾಡಿ ನಿಲ್ಲಿಸಿ, ಕೀಲಿ ತೆಗೆಸಿ. ಕೆಳಗೆ ಸಿಕ್ಕಿಕೊಂಡವರನ್ನು ಕೈ ಹಿಡಿದು ಎಳೆಯಬೇಡಿ. ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಕಾಫಿಪುಡಿ, ಅರಿಶಿನ ಏನೂ ಮೆತ್ತಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ಎಲ್ಲಿ ಆಯಿತು?" ಅಂತ ಕೇಳುತ್ತಾರೆ. ನಿಜ ಹೇಳಿ. ಮನೆಯಲ್ಲಿ ಬಿದ್ದೆ ಅಂತ ಒಮ್ಮೆ ಚೀಟಿಯಲ್ಲಿ ಬರೆದರೆ ಆಮೇಲೆ ಅದನ್ನು ಅಳಿಸುವುದು ಬಹಳ ಕಷ್ಟ. ನಮ್ಮ ಸದಸ್ಯೆಯ ವಿಷಯದಲ್ಲಿ ಆದದ್ದು ಅದೇ. ಜೊತೆಯಲ್ಲಿದ್ದ ಇಬ್ಬರು ಧೈರ್ಯವಾಗಿ ಸಾಕ್ಷಿ ಹೇಳಲು ಮುಂದೆ ಬಂದಿದ್ದರಿಂದ ಕಾರ್ಮಿಕ ಇಲಾಖೆಯವರೆಗೆ ಹೋಗಲು ಆಯಿತು. ಆ ಅರ್ಜಿ ಇನ್ನೂ ನಡೆಯುತ್ತಿದೆ.

ಕಾನೂನಿನ ಎರಡು ಮಾತು. ಹಿಂದೆ 1948ರ ಕಾರ್ಖಾನೆ ಕಾಯಿದೆ, 1923ರ ಪರಿಹಾರ ಕಾಯಿದೆ ಅಂತ ಬೇರೆ ಬೇರೆ ಇದ್ದವು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಅವುಗಳ ಜಾಗಕ್ಕೆ ಬಂದಿವೆ. ಅದರಲ್ಲಿ ನಮಗೆ ಬೇಕಾದದ್ದು ಇಷ್ಟು. ಕೆಲಸಕ್ಕೆ ಸೇರಿಸಿಕೊಂಡವರು ನೇಮಕಾತಿ ಪತ್ರ ಕೊಡಬೇಕು. ಅದನ್ನು ಕೇಳಿ ಪಡೆಯಿರಿ, ಆಧಾರ್ ಇಡುವ ಟ್ರಂಕಿನಲ್ಲೇ ಇಡಿ. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಮಾಲೀಕರನ್ನು ಕೇಳುವ ಹಕ್ಕು ನಮಗಿದೆ. ಪ್ರಾಣಾಪಾಯ ಕಂಡರೆ ಮಾಲೀಕರಿಗೂ ಇನ್ಸ್‌ಪೆಕ್ಟರರಿಗೂ ತಿಳಿಸುವ ಹಕ್ಕೂ ಇದೆ. ಕಂಟ್ರಾಕ್ಟರ್ ಕೈ ಎತ್ತಿದರೂ ಪರಿಹಾರಕ್ಕೆ ಮೂಲ ಮಾಲೀಕರನ್ನು ಕೇಳಬಹುದು. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಅಪಘಾತವಾದರೂ, ಅದಕ್ಕೂ ಕೆಲಸಕ್ಕೂ ಸಂಬಂಧ ತೋರಿಸಿದರೆ, ಅದು ಕೆಲಸದ ಅಪಘಾತವೆಂದೇ ಲೆಕ್ಕ. ವ್ಯಾನಿನಲ್ಲಿ ಒತ್ತಿಕೊಂಡು ಹೋಗುವವರು ಇದನ್ನು ನೆನಪಿಡಿ. ಸಂಬಳದಲ್ಲಿ ಇಎಸ್‌ಐ ಅಂತ ಹಣ ಹಿಡಿಯುತ್ತಿದ್ದರೆ ಇಎಸ್‌ಐ ನಂಬರ್ ಕೇಳಿ ಬರೆದುಕೊಳ್ಳಿ. ಹಣ ಹಿಡಿಯುವುದು, ನಂಬರ್ ಕೊಡದಿರುವುದು, ಇದನ್ನು ನಾನು ಹಲವು ಕಡೆ ಕಂಡಿದ್ದೇನೆ.

"ಕೇಳಿದರೆ ನಾಳೆಯಿಂದ ಬರಬೇಡ ಅಂತಾರೆ ಸಿಸ್ಟರ್." ಗೊತ್ತು. ಆ ಭಯ ಸುಳ್ಳಲ್ಲ, ಒಬ್ಬಳೇ ಕೇಳಿದರೆ ಹಾಗೇ ಅಂದಾರು. ಅದಕ್ಕೇ ಆ ಗೋಡೌನಿಗೆ ನಾವು ಹೋದದ್ದು ಹೀಗೆ. ಈ ರಂಗೋಲಿ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ಬರೆದುಕೊಂಡು, ಆರು ಸಂಘಗಳ ಠರಾವು ಮಾಡಿಸಿ, ಎಲ್ಲ ಸದಸ್ಯೆಯರ ಸಹಿ, ಹೆಬ್ಬೆಟ್ಟು ಹಾಕಿಸಿ, ಹತ್ತು ಜನ ಹೋದೆವು. ಕೂಗಾಡಲಿಲ್ಲ. ಹಾಳೆ ಹರಡಿ ಅವರೆಕಾಳು ಇಟ್ಟು 396ರ ಲೆಕ್ಕ ಹೇಳಿದೆವು. ಮ್ಯಾನೇಜರ್ ಬಹಳ ಹೊತ್ತು ಆ ಕಾಳುಗಳನ್ನೇ ನೋಡಿದರು. ನೀರಿನ ಕ್ಯಾನು ಅವತ್ತೇ ಈ ಕಡೆ ಬಂತು. ಊಟದ ಹೊತ್ತಿಗೆ ಗಾಡಿ ನಿಲ್ಲಿಸುವುದಕ್ಕೂ ಒಪ್ಪಿದರು. ಕಂಬಿ ಹಾಕಲು ಎರಡು ತಿಂಗಳಾಯಿತು, ಅದೂ ಅರ್ಧ ದೂರಕ್ಕೆ ಮಾತ್ರ. ಜನ ಬರುವ ಗೇಟು, ಲಾರಿ ಬರುವ ಗೇಟು ಬೇರೆ ಮಾಡಿ ಅಂತ ಕೇಳಿದ್ದು ಇನ್ನೂ ಆಗಿಲ್ಲ. ಮಾಡುತ್ತೇವೆ ಅನ್ನುತ್ತಿದ್ದಾರೆ, ನಾವೂ ಪ್ರತಿ ತಿಂಗಳು ಕೇಳುತ್ತಿದ್ದೇವೆ. ಹೋದ ಹತ್ತು ಜನರಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ. ಎಲ್ಲ ಕಡೆಯೂ ಹೀಗೇ ಆಗುತ್ತದೆ ಅಂತ ಮಾತು ಕೊಡಲಾರೆ.

ಈ ರಂಗೋಲಿ ಬಿಡಿಸಿದವರು ಯಾರು ಅಂತ ನೀವು ಕೇಳಲಿಲ್ಲ. ಅಗೋ, ಕಂಬದ ಪಕ್ಕ ಕುರ್ಚಿಯ ಮೇಲೆ ಕೂತಿದ್ದಾರೆ. ನೆಲದ ಮೇಲೆ ಕಾಲು ಮಡಚಿ ಕೂರಲು ಅವರಿಗೆ ಈಗ ಆಗುವುದಿಲ್ಲ. ಗೋಡೌನಿಗೆ ವಾಪಸ್ ಹೋಗಿಲ್ಲ. ಸಂಘದ ಸಾಲದಲ್ಲಿ ಒಂದು ಹಸು ತೆಗೆದುಕೊಂಡಿದ್ದಾರೆ, ಡೈರಿಗೆ ಹಾಲು ಹಾಕುತ್ತಾರೆ. ಕಂತು ಒಂದೂ ತಪ್ಪಿಲ್ಲ.

ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಆ ಮೂಲೆಯಲ್ಲಿ ಬಿಳಿ, ಕೆಂಪು ಪುಡಿಯೂ ಒಂದು ಸೇರು ಅವರೆಕಾಳೂ ಇಟ್ಟಿದ್ದೇವೆ. ಒಂದೇ ಕಡೆ ಕೆಲಸಕ್ಕೆ ಹೋಗುವವರು ಒಟ್ಟಾಗಿ ಕೂತು ನಿಮ್ಮ ನಿಮ್ಮ ಗೋಡೌನು, ಮಿಲ್ಲು, ಮಾರುಕಟ್ಟೆ ಅಂಗಳ ಬಿಡಿಸಿ. ಮೊದಲು ಗೇಟು ಬರೆಯಿರಿ, ಆಮೇಲೆ ನೀರು, ಆಮೇಲೆ ಶೌಚಾಲಯ. ಗಾಡಿಯ ಗೆರೆ ಕೊನೆಗೆ. ಕಾಳು ಎಷ್ಟಾಯಿತು ಅಂತ ಎಣಿಸಿ, ಊಟ ಆದ ಮೇಲೆ ನಡಾವಳಿ ಪುಸ್ತಕದಲ್ಲಿ ಬರೆಸಿ.